ಟ್ರೇಲರಿನ ಕಮಾನು ಪಟ್ಟಿಗಳು: ಅವುಗಳ ಕೆಲಸ, ಕೇಡು ಮತ್ತು ಆರೈಕೆ

ನಮ್ಮ ಸವದತ್ತಿ ಸೀಮೆಯ ಒಕ್ಕಲಿಗನು ಚಕ್ಕಡಿಯನ್ನು ಹೂಡುತ್ತಿದ್ದ ಕಾಲದಲ್ಲಿ ಅದರ ಆರೈಕೆಯನ್ನು ಯಾರೂ ಅವನಿಗೆ ಬರೆದು ತಿಳಿಸಬೇಕಾಗಿರಲಿಲ್ಲ. ಎತ್ತುಗಳ ಕೊರಳಿಗೆ ನೊಗವನ್ನಿಡುವ ಮೊದಲು ಕಡೆಗೀಲನ್ನು ಮುಟ್ಟಿ ನೋಡುವುದು, ಅಚ್ಚಿಗೆ ಕೀಲೆಣ್ಣೆಯನ್ನು ಹಾಕುವುದು, ಬೇಸಿಗೆಯಲ್ಲಿ ಗಾಲಿಯ ಕಟ್ಟಿಗೆ ಒಣಗಿ ಹಳಿ ಸಡಿಲಾದರೆ ಒಡನೆ ಕಮ್ಮಾರನಲ್ಲಿಗೆ ಒಯ್ಯುವುದು, ಇವೆಲ್ಲ ಮಗನು ತಂದೆಯ ಕೈಯನ್ನು ನೋಡಿಯೇ ಕಲಿತ ಪಾಠಗಳು. ಈಗ ಚಕ್ಕಡಿಯ ಸ್ಥಾನಕ್ಕೆ ಟ್ರ್ಯಾಕ್ಟರೂ ಅದರ ಹಿಂದಿನ ಟ್ರೇಲರೂ ಬಂದಿರುವುವು. ಟ್ರ್ಯಾಕ್ಟರಿನ ಎಂಜಿನ್ನಿಗೆ ಕಾಲಕಾಲಕ್ಕೆ ಎಣ್ಣೆಯನ್ನು ಬದಲಿಸುವ ರೂಢಿಯು ತಕ್ಕಮಟ್ಟಿಗೆ ಬೆಳೆದಿದೆ. ಟ್ರೇಲರಿನ ಸಂಗತಿ ಹಾಗಲ್ಲ. ಅದಕ್ಕೆ ಎಂಜಿನ್ನಿಲ್ಲ, ಕೆಡುವುದಕ್ಕೆ ಅದರಲ್ಲಿ ಏನಿದೆ, ಎಂಬ ಭಾವನೆಯಿಂದ ಅದನ್ನು ಮಳೆಯಲ್ಲಿಯೂ ಬಿಸಿಲಲ್ಲಿಯೂ ನಿಲ್ಲಿಸಿ, ಮುರಿದ ದಿವಸವೇ ಅದರ ಕಡೆಗೆ ನೋಡುವವರು ಹೆಚ್ಚು.

ಪ್ರಾಚೀನ ಶಾಸನಗಳಲ್ಲಿ ಪೂಲಿ ಎಂದು ಹೆಸರಾದ, ಪಂಚಲಿಂಗೇಶ್ವರ ದೇವಾಲಯವಿರುವ ಹೂಲಿ ಗ್ರಾಮದಲ್ಲಿಯೂ ಅದರ ಸುತ್ತಲಿನ ಹಳ್ಳಿಗಳಲ್ಲಿಯೂ ಸಂಚಾರ ಮಾಡುವಾಗ ಈ ಲೇಖಕನು ಬೆಳೆಗಳನ್ನು ನೋಡುವುದರ ಜೊತೆಗೆ ಅಂಗಳದಲ್ಲಿ ನಿಂತ ಟ್ರೇಲರುಗಳ ಕೆಳಗೂ ಬಾಗಿ ನೋಡುವ ಅಭ್ಯಾಸವನ್ನು ಇಟ್ಟುಕೊಂಡಿರುವನು. ಯೂ ಬೋಲ್ಟುಗಳು ಬಿಗಿಯಾಗಿದ್ದು, ಪಟ್ಟಿಗಳೆಲ್ಲ ಇಡಿಯಾಗಿದ್ದ ಟ್ರೇಲರು ವಿರಳವಾಗಿಯೇ ಕಂಡುಬಂದಿದೆ. ಆದಕಾರಣ ಕಮಾನು ಪಟ್ಟಿ ಎಂದರೇನು, ಅದು ಏಕೆ ಮುರಿಯುವುದು, ಮುರಿಯುವ ಮೊದಲು ಅದನ್ನು ಗುರುತಿಸುವ ಬಗೆ ಯಾವುದು, ದುರಸ್ತಿಗೆ ಒಯ್ದಾಗ ಏನು ಕೇಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

೧. ಕಮಾನು ಪಟ್ಟಿಯ ರಚನೆ ಮತ್ತು ಕೆಲಸ

ಟ್ರೇಲರಿನ ಅಚ್ಚಿಗೂ ಮೇಲಿನ ಚಾಸಿಗೂ ನಡುವೆ, ಎಡಬಲಗಳಲ್ಲಿ ಒಂದೊಂದರಂತೆ, ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುವುದು. ನಮ್ಮ ಕಡೆಯ ಮೇಸ್ತ್ರಿಗಳು ಒಂದೊಂದು ಪಟ್ಟಿಯನ್ನು 'ಪಾಟಾ' ಎಂದೂ ಇಡೀ ಕಟ್ಟನ್ನು 'ಕಮಾನು' ಎಂದೂ ಕರೆಯುವರು. ಎಲ್ಲಕ್ಕೂ ಉದ್ದವಾದ ಪಟ್ಟಿಯೇ ಮುಖ್ಯ ಪಾಟಾ. ಅದರ ತುದಿಯನ್ನು ಬಳೆಯಂತೆ ಸುತ್ತಿ ಕಣ್ಣು ಮಾಡಿರುವರು. ಆ ಕಣ್ಣಿನಲ್ಲಿ ಬುಷ್ಶನ್ನು ಕೂಡಿಸಿ, ಪಿನ್ನಿನಿಂದ ಚಾಸಿಗೆ ಸಿಕ್ಕಿಸಿರುವರು. ಒಂದು ತುದಿಯು ಗಟ್ಟಿಯಾಗಿ ನಿಂತು, ಇನ್ನೊಂದು ತುದಿಯು ಶ್ಯಾಕಲಿನಿಂದ ತೂಗುತ್ತಲೋ ಜಾರುತ್ತಲೋ ಇರುವುದು. ಬಾಗಿದ ಪಟ್ಟಿಯು ಭಾರಕ್ಕೆ ನೆಟ್ಟಗಾದಾಗ ಉದ್ದವಾಗುವುದರಿಂದ ಒಂದು ತುದಿಗಾದರೂ ಚಲಿಸಲು ಎಡೆ ಬೇಕು. ಮುಖ್ಯ ಪಾಟಾದ ಕೆಳಗೆ ಕ್ರಮವಾಗಿ ಗಿಡ್ಡವಾಗುತ್ತ ಹೋಗುವ ಪಟ್ಟಿಗಳಿರುವುವು. ಎಲ್ಲವನ್ನೂ ನಡುವೆ ಒಂದು ಸೆಂಟರ್ ಬೋಲ್ಟು ಪೋಣಿಸಿ ಹಿಡಿದಿದ್ದರೆ, ಅಚ್ಚಿಗೆ ಬಿಗಿದು ಕಟ್ಟುವ ಕೆಲಸವನ್ನು ಎರಡು ಯೂ ಬೋಲ್ಟುಗಳು ಮಾಡುವುವು.

ಎಷ್ಟು ಭಾರವೋ ಅಷ್ಟು ಬಾಗು, ಭಾರ ಇಳಿದೊಡನೆ ಮೊದಲಿನ ರೂಪ, ಇದು ಉಕ್ಕಿನ ಧರ್ಮ. ಇಂಗ್ಲಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು ೧೬೭೮ರಲ್ಲಿ ಇದನ್ನು ನಿಯಮರೂಪದಲ್ಲಿ ಪ್ರಕಟಿಸಿದನು. ಒಂದು ಟನ್ನಿಗೆ ಕಮಾನು ಒಂದು ಅಂಗುಲ ಬಾಗಿದರೆ ಎರಡು ಟನ್ನಿಗೆ ಎರಡು ಅಂಗುಲ ಬಾಗುವುದು. ಆದರೆ ಈ ಧರ್ಮಕ್ಕೆ ಒಂದು ಮಿತಿಯುಂಟು. ಆ ಮಿತಿಯನ್ನು ದಾಟಿ ಬಗ್ಗಿಸಿದ ಪಟ್ಟಿಯು ಮರಳಿ ಮೊದಲಿನಂತಾಗದೆ ಸೋತು ಚಪ್ಪಟೆಯಾಗುವುದು, ಇಲ್ಲವೆ ಮುರಿಯುವುದು.

ಭಾರವನ್ನು ಮೆಲ್ಲನೆ ಇಟ್ಟಾಗ ಕಮಾನು ಎಷ್ಟು ಬಾಗುವುದೋ, ಅದೇ ಭಾರವನ್ನು ಥಟ್ಟನೆ ಬಿಟ್ಟಾಗ ಆ ಕ್ಷಣದಲ್ಲಿ ಅದರ ಎರಡರಷ್ಟು ಬಾಗುವುದೆಂಬುದು ಲೆಕ್ಕದಿಂದ ಸಿದ್ಧವಾದ ಮಾತು. ಗಾಲಿಯು ಗುಂಡಿಗೆ ಇಳಿದು ಹೊಡೆತ ತಿಂದರೆ ಒತ್ತು ಇನ್ನೂ ಹೆಚ್ಚುವುದು. ಕಮಾನಿಲ್ಲದ ಬಂಡಿಯಲ್ಲಿ ಈ ಹೊಡೆತವೆಲ್ಲ ಅಚ್ಚು, ಗಾಲಿ, ಸರಕು, ಕೂತವರ ಬೆನ್ನು ಇವುಗಳಿಗೆ ನೇರವಾಗಿ ತಗಲುವುದು. ಕಮಾನು ಆ ಹೊಡೆತವನ್ನು ತಾನು ಬಾಗಿ ನುಂಗಿ, ನಿಧಾನವಾಗಿ ಹಿಂದಕ್ಕೆ ಕೊಡುವುದು. ಪಟ್ಟಿಗಳು ಒಂದರ ಮೇಲೊಂದು ತಿಕ್ಕುವುದರಿಂದ ಕುಣಿತವೂ ಬೇಗನೆ ಅಡಗುವುದು. ಆದ್ದರಿಂದಲೇ ಟ್ರೇಲರುಗಳಿಗೆ ಜೀಪಿನಂತೆ ಬೇರೆ ಶಾಕ್ ಅಬ್ಸಾರ್ಬರುಗಳನ್ನು ಸಾಮಾನ್ಯವಾಗಿ ಹಾಕಿರುವುದಿಲ್ಲ.

ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಸಾಮಾನ್ಯವಾಗಿ ಕಮಾನು ಇರುವುದೇ ಇಲ್ಲ. ದೊಡ್ಡ ಟೈರುಗಳೂ ಚಾಲಕನ ಆಸನದ ಕೆಳಗಿನ ಸ್ಪ್ರಿಂಗೂ ಮಾತ್ರವೇ ಅಲ್ಲಿಯ ಆಸರೆ. ಒಂದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಮೇಲೆಕೆಳಗೆ ಆಗುವ ಅಲುಗಾಟವು ಕುಳಿತ ಮನುಷ್ಯನ ಬೆನ್ನೆಲುಬಿಗೆ ಹೆಚ್ಚು ತಗಲುವುದೆಂದು ಸಂಶೋಧಕರು ಕಂಡಿರುವರು. ಆಸನದ ಸ್ಪ್ರಿಂಗು ಮುರಿದಲ್ಲಿ ಗೋಣಿಚೀಲವನ್ನು ಮಡಿಸಿ ಹಾಕಿ ನಡೆಸುವ ರೂಢಿಯನ್ನು ಬಿಟ್ಟು, ಚಾಲಕನ ಮೇಲಿನ ಮರುಕದಿಂದಲಾದರೂ ಹೊಸದನ್ನು ಹಾಕಿಸತಕ್ಕದ್ದು.

೨. ನಮ್ಮ ಸೀಮೆಯಲ್ಲಿ ಕಮಾನುಗಳು ಬೇಗನೆ ಕೆಡುವ ಕಾರಣಗಳು

ಮೊದಲನೆಯದು, ನಮ್ಮ ಎರೆಭೂಮಿಯ ಕೆಸರು. ಮಳೆಗಾಲದಲ್ಲಿ ಈ ಜಿಗುಟು ಮಣ್ಣು ಪಟ್ಟಿಗಳ ಸಂದಿನಲ್ಲಿಯೂ ಯೂ ಬೋಲ್ಟುಗಳ ಬುಡದಲ್ಲಿಯೂ ಸೇರಿ, ದಿನಗಟ್ಟಲೆ ಹಸಿಯನ್ನು ಹಿಡಿದಿಡುವುದು. ಅಲ್ಲಿ ತುಕ್ಕು ಹುಟ್ಟಿ ಉಕ್ಕಿನ ಮೈಯಲ್ಲಿ ಸಣ್ಣ ಸಣ್ಣ ಕುಳಿಗಳಾಗುವುವು. ಮುಂದೆ ಹುಟ್ಟುವ ಬಿರುಕಿಗೆ ಆ ಕುಳಿಯೇ ಮೂಲ. ಬೇಸಿಗೆಯಲ್ಲಿ ಅದೇ ಮಣ್ಣು ಒಣಗಿ ಪುಡಿಯಾಗಿ, ಅರದಂತೆ ಪಟ್ಟಿಗಳನ್ನು ತಿಕ್ಕುವುದು.

ಎರಡನೆಯದು, ಭಾರ. ಮಲಪ್ರಭೆಗೆ ನವಿಲುತೀರ್ಥದಲ್ಲಿ ಕಟ್ಟಿದ ಅಣೆಕಟ್ಟು ೧೯೭೨ರಲ್ಲಿ ಪೂರ್ಣವಾದ ತರುವಾಯ ನೀರು ತಲುಪಿದ ಭೂಮಿಗಳಲ್ಲಿ ಕಬ್ಬು ಹೆಚ್ಚಿತು. ಕಬ್ಬು ಜೋಳದಂತೆ ಚೀಲದಲ್ಲಿ ಅಳೆದು ಹೇರುವ ಸರಕಲ್ಲ. ಟ್ರೇಲರಿನ ಬದಿಗೆ ಗೂಟಗಳನ್ನು ನಿಲ್ಲಿಸಿ, ಕಣ್ಣಂದಾಜಿನಿಂದ ಎತ್ತರಕ್ಕೆ ಪೇರಿಸುವರು. ಕಾರ್ಖಾನೆಯ ಕಾಟಾ ಚೀಟಿ ಕೈಗೆ ಬಂದಾಗ ಮಾತ್ರ ನಿಜವಾದ ತೂಕ ತಿಳಿಯುವುದು. ಅಷ್ಟು ಹೊತ್ತಿಗೆ ಕಮಾನು ಆ ಭಾರವನ್ನು ಹಾದಿಯುದ್ದಕ್ಕೂ ಹೊತ್ತಾಗಿದೆ. ಪ್ರತಿಯೊಬ್ಬ ಮಾಲಿಕನು ಕಾಟಾ ಚೀಟಿಯಲ್ಲಿಯ ಒಟ್ಟು ತೂಕವನ್ನು ಟ್ರೇಲರಿನ ನೋಂದಣಿ ಪತ್ರದಲ್ಲಿ ಬರೆದ ಮಿತಿಯೊಡನೆ ಒಮ್ಮೆಯಾದರೂ ಹೋಲಿಸಿ ನೋಡಬೇಕು. ಅನೇಕರಿಗೆ ಆಶ್ಚರ್ಯವಾಗುವುದು.

ಮೂರನೆಯದು, ಸಡಿಲಾದ ಯೂ ಬೋಲ್ಟು. ಕಮಾನು ಮುರಿಯುವುದಕ್ಕೆ ಭಾರವೊಂದೇ ಕಾರಣವೆಂದು ತಿಳಿಯುವುದು ತಪ್ಪು. ಯೂ ಬೋಲ್ಟುಗಳು ಬಿಗಿಯಾಗಿದ್ದಾಗ ಪಟ್ಟಿಗಳ ನಡುಭಾಗವು ಅಚ್ಚಿಗೆ ಒತ್ತಿ ನಿಂತು ಬಾಗದೆ ಇರುವುದು. ಅವು ಸಡಿಲಾದರೆ ನಡುಭಾಗವೂ ಬಾಗತೊಡಗುವುದು. ಅಲ್ಲಿಯೇ ಸೆಂಟರ್ ಬೋಲ್ಟಿನ ರಂಧ್ರವಿರುವ ಕಾರಣ ಪಟ್ಟಿಯು ಆ ರಂಧ್ರದ ಮೂಲಕವೇ ಸೀಳುವುದು. ಹಲವು ಸಲ ಮೊದಲು ಸೆಂಟರ್ ಬೋಲ್ಟು ತುಂಡಾಗಿ, ಅಚ್ಚು ಒಂದು ಬದಿಗೆ ಹಿಂದಕ್ಕೆ ಸರಿದು, ಟ್ರೇಲರು ಏಡಿಯಂತೆ ಅಡ್ಡಡ್ಡ ನಡೆಯುವುದು.

ನಾಲ್ಕನೆಯದು, ಟೈರಿನ ಗಾಳಿ. ಟೈರೇ ಗಾಡಿಯ ಮೊದಲನೆಯ ಕಮಾನು. ಹೆಚ್ಚು ಭಾರ ಹೇರುವುದಕ್ಕಾಗಿ ಟೈರನ್ನು ಕಲ್ಲಿನಂತೆ ಗಟ್ಟಿಮಾಡಿದರೆ ಅದು ನುಂಗಬೇಕಾದ ಹೊಡೆತವೂ ಪಟ್ಟಿಗಳ ಮೇಲೆಯೇ ಬೀಳುವುದು. ಟೈರಿನ ಮೈಮೇಲೆ ಅಚ್ಚೊತ್ತಿದ ಮಿತಿಯೊಳಗೆ, ಎರಡು ಬದಿಗೂ ಸಮನಾಗಿ ಗಾಳಿಯಿರಬೇಕು.

೩. ಬೆಸುಗೆ ಹಾಕಿದ ಪಟ್ಟಿ: ಕಂಡ ಒಂದು ಸಂಗತಿ

ಕೆಲವು ವರುಷಗಳ ಹಿಂದೆ, ಕಬ್ಬಿನ ಹಂಗಾಮಿನ ನಟ್ಟನಡುವೆ, ರಸ್ತೆಯ ಬದಿಯ ಒಂದು ಗ್ಯಾರೇಜಿನಲ್ಲಿ ಈ ಲೇಖಕನು ಬೇರೆ ಕೆಲಸದ ಸಲುವಾಗಿ ನಿಂತಿದ್ದನು. ಪರಿಚಿತರಾದ ಭೂಮಾಲಿಕರೊಬ್ಬರು ಎರಡು ಗಾಲಿಯ ಟ್ರೇಲರನ್ನು ತಂದರು. ಎಡಗಡೆಯ ಮುಖ್ಯ ಪಾಟಾ ಕಣ್ಣಿನ ಹತ್ತಿರ ಮುರಿದಿತ್ತು. ಮುರಿದ ಮುಖವನ್ನು ಒರೆಸಿ ನೋಡಲಾಗಿ ಅದರ ಮೂರನೆಯ ಒಂದು ಭಾಗವು ತುಕ್ಕು ಹಿಡಿದು ಕಪ್ಪಾಗಿದ್ದು, ಉಳಿದ ಭಾಗವು ಹೊಸದಾಗಿ ಒಡೆದ ಕಲ್ಲುಸಕ್ಕರೆಯಂತೆ ಹೊಳೆಯುತ್ತಿತ್ತು. ಬಿರುಕು ಬಹಳ ದಿನಗಳಿಂದ ಇದ್ದು, ಪಟ್ಟಿಯು ಉಳಿದ ಭಾಗದ ಬಲದಿಂದಲೇ ನಡೆದು, ಕೊನೆಗೆ ಒಂದು ದಿವಸ ಕೈಬಿಟ್ಟಿತೆಂಬುದಕ್ಕೆ ಈ ಎರಡು ಬಣ್ಣಗಳೇ ಸಾಕ್ಷಿ.

ಹೊಸ ಪಟ್ಟಿಯನ್ನು ತರಿಸಲು ಒಂದು ದಿನ ಬೇಕಾಗುತ್ತಿತ್ತು. ಕಬ್ಬು ಕಡಿಯುವ ತಂಡವು ಹೊಲದಲ್ಲಿ ಕಾಯುತ್ತಿದ್ದ ಕಾರಣ ಮಾಲಿಕರು ಬೆಸುಗೆ ಹಾಕೆಂದರು. ಮೇಸ್ತ್ರಿಯು ತಲೆ ಕೆರೆದುಕೊಂಡು, "ಗೌಡ್ರ, ವೆಲ್ಡಿಂಗ ಮಾಡಿ ಕೊಡ್ತೇನ್ರಿ. ಆದ್ರ ಎಷ್ಟ ದಿನಾ ಬರತೈತಿ ಅಂತ ನನ್ನ ಕೇಳಬ್ಯಾಡ್ರಿ" ಎಂದನು. ಬೆಸುಗೆಯಾಯಿತು. ಅದರ ಮೇಲೆ ಒಂದು ಕಬ್ಬಿಣದ ತುಂಡನ್ನೂ ಕೂಡಿಸಿ ಗಟ್ಟಿಮಾಡಿದರು. ಲೇಖಕನು ಅಲ್ಲಿ ನಿಂತಿದ್ದೂ, ತನ್ನ ಖಾತೆಯ ಕೆಲಸವಲ್ಲವೆಂದು ಸುಮ್ಮನಿದ್ದನು.

ಎಂಟು ದಿವಸಗಳ ತರುವಾಯ ಅದೇ ಪಟ್ಟಿಯು ಬೆಸುಗೆಯ ಅಂಚಿಗೆ ಹೊಂದಿ, ಚಾಕುವಿನಿಂದ ಕೊಯ್ದಂತೆ ಮುರಿಯಿತು. ಅಚ್ಚಿನ ಒಂದು ತುದಿ ಹಿಂದಕ್ಕೆ ಸರಿದು, ಕಬ್ಬು ತುಂಬಿದ ಟ್ರೇಲರು ರಸ್ತೆಯ ಬದಿಗೆ ಉರುಳಿತು. ಆ ಹೊತ್ತಿನಲ್ಲಿ ಹತ್ತಿರ ಯಾರೂ ಇರದ ಕಾರಣ ಜೀವಹಾನಿಯಾಗಲಿಲ್ಲ. ಕಬ್ಬನ್ನು ಎತ್ತಿ ಹೇರುತ್ತಿದ್ದಾಗ ಮಾಲಿಕರು ಲೇಖಕನನ್ನು ಬದಿಗೆ ಕರೆದು ಹೇಳಿದ ಮಾತು ಬೇರೆ. ಹಿಂದಿನ ದಿವಸವೇ ಬನದ ಹುಣ್ಣಿಮೆಯಾಗಿದ್ದು, ಅದೇ ಟ್ರೇಲರಿನಲ್ಲಿ ಅವರ ಮನೆಯ ಹೆಂಗಸರು ಮಕ್ಕಳೆಲ್ಲರೂ ಯಲ್ಲಮ್ಮನ ಗುಡ್ಡಕ್ಕೆ ಹೋಗಿ ಬಂದಿದ್ದರು.

ಈ ಲೇಖನವು ಹುಟ್ಟಿದ್ದು ಆ ದಿವಸದ ಮಾತಿನಿಂದ. ಅಂದು ಗ್ಯಾರೇಜಿನಲ್ಲಿ ಹೇಳಬೇಕಾಗಿದ್ದುದನ್ನು ಇಲ್ಲಿ ಹೇಳುತ್ತಿರುವೆನು.

ಕಮಾನು ಪಟ್ಟಿಯ ಉಕ್ಕು ಬಾಗಿಲು ಕಿಟಕಿಗಳಿಗೆ ಬಳಸುವ ಕಬ್ಬಿಣದಂತಹುದಲ್ಲ. ಅದರ ನೂರು ಭಾಗಗಳಲ್ಲಿ ಅರ್ಧ ಭಾಗಕ್ಕೆ ಸ್ವಲ್ಪ ಹೆಚ್ಚು ಇಂಗಾಲವೂ, ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಭಾಗ ಸಿಲಿಕಾನೂ ಇರುವುವು. ಅದನ್ನು ಸುಮಾರು ೮೫೦ರಿಂದ ೯೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿ, ಮತ್ತೆ ಸುಮಾರು ೪೫೦ರಿಂದ ೫೦೦ ಡಿಗ್ರಿಯವರೆಗೆ ಕಾಯಿಸಿ ಹದಕ್ಕೆ ತರುವರು. ಕುಡಗೋಲಿಗೆ ಕಮ್ಮಾರನು ಹದ ಹಾಕುವ ರೀತಿಯೇ ಇದು, ಆದರೆ ಅಳತೆಯಿಟ್ಟು ಮಾಡಿದ್ದು. ಬೆಸುಗೆಯ ಕಿಡಿಯು ತಗಲಿದ ಕ್ಷಣದಲ್ಲಿ ಅಲ್ಲಿಯ ಉಕ್ಕು ಕರಗಿ, ಸುತ್ತಲಿನ ತಣ್ಣನೆಯ ಉಕ್ಕು ಆ ಬಿಸಿಯನ್ನು ಥಟ್ಟನೆ ಎಳೆದುಕೊಳ್ಳುವುದು. ಬೆಸುಗೆಯ ಅಂಚಿನಲ್ಲಿ ಗಾಜಿನಂತಹ ಪೆಡಸು ಗೆರೆಯೊಂದು ಉಳಿಯುವುದು. ಅದರಾಚೆಗೆ ಹದ ಇಳಿದು ಮೆತ್ತಗಾದ ಗೆರೆಯು ಇನ್ನೊಂದು. ದಿನಕ್ಕೆ ಸಾವಿರಾರು ಸಲ ಬಾಗುವ ಪಟ್ಟಿಯು ಇಂತಹ ಜಾಗದಲ್ಲಿ ಮುರಿಯದೆ ಇರಲಾರದು. ಬೆಸುಗೆಗಾರನ ಕೈಚಳಕವು ಎಷ್ಟೇ ಇರಲಿ, ಉಕ್ಕಿನ ಈ ಸ್ವಭಾವವನ್ನು ಅವನು ಬದಲಿಸಲಾರನು.

ಆದುದರಿಂದ ಕಮಾನು ಪಟ್ಟಿಗೆ ಎಂದಿಗೂ ಬೆಸುಗೆ ಹಾಕಿಸಕೂಡದು. ಚಾಸಿಗೆ ಬೆಸುಗೆ ಹಾಕಿಸುವಾಗಲೂ ಪಟ್ಟಿಗಳ ಮೇಲೆ ಹಸಿ ಗೋಣಿಯನ್ನೋ ತಗಡನ್ನೋ ಮುಚ್ಚತಕ್ಕದ್ದು. ಸಿಡಿದ ಒಂದು ಕಿಡಿಯು ಪಟ್ಟಿಯ ಮೇಲೆ ಅಂಟಿದರೂ ಆ ಚುಕ್ಕೆಯಿಂದ ಬಿರುಕು ಹುಟ್ಟಬಹುದು.

೪. ಹೆಚ್ಚಿನ ಪಟ್ಟಿ ಕೂಡಿಸುವ ರೂಢಿ

ಕಮಾನು ಸೋತಿತೆಂದು ಒಂದೆರಡು ಪಾಟಾಗಳನ್ನು ಹೆಚ್ಚಿಗೆ ಕೂಡಿಸುವುದು ಅಥವಾ ಲಾರಿಯ ದಪ್ಪನೆಯ ಹಳೆಯ ಪಾಟಾ ಹಾಕುವುದು ಇನ್ನೊಂದು ರೂಢಿ. ಪಟ್ಟಿಯ ಗಡಸುತನವು ಅದರ ದಪ್ಪದ ಘನಕ್ಕೆ ಅನುಸಾರವಾಗಿ ಹೆಚ್ಚುವುದು. ೮ ಮಿಲಿಮೀಟರಿನ ಪಟ್ಟಿಯ ಬದಲಿಗೆ ಅಷ್ಟೇ ಉದ್ದಗಲದ ೧೦ ಮಿಲಿಮೀಟರಿನದನ್ನು ಹಾಕಿದರೆ ದಪ್ಪ ಕಾಲು ಭಾಗ ಹೆಚ್ಚಿದಂತೆ ಕಂಡರೂ, ಬಾಗದಿರುವ ಹಟವು ಹೆಚ್ಚುಕಡಿಮೆ ಎರಡರಷ್ಟಾಗುವುದು. ಆ ಪಟ್ಟಿಯು ತನ್ನ ಜೊತೆಯವುಗಳೊಡನೆ ಬಾಗದೆ, ಭಾರದ ಬಹುಭಾಗವನ್ನು ತಾನೇ ಹೊರುವುದು. ಬಾಗದ ಕಮಾನು ಹೊಡೆತವನ್ನು ನುಂಗುವುದಿಲ್ಲ. ಪಟ್ಟಿಯು ಉಳಿದರೂ ಅಚ್ಚು ಬಾಗುವುದು, ಬೇರಿಂಗು ಸವೆಯುವುದು, ಚಾಸಿಯ ಮೂಲೆಗಳು ಬಾಯಿಬಿಡುವುವು. ತಯಾರಕನು ಕಮಾನು, ಅಚ್ಚು, ಟೈರು, ಕೊಂಡಿ ಇವೆಲ್ಲವನ್ನೂ ಒಂದೇ ಭಾರಕ್ಕೆ ಹೊಂದಿಸಿ ಮಾಡಿರುವನು. ಕಮಾನನ್ನು ಮಾತ್ರ ಬಲಪಡಿಸಿ ಭಾರ ಹೆಚ್ಚಿಸುವುದು, ಬಾವಿಯ ಹಗ್ಗವನ್ನು ದಪ್ಪಮಾಡಿ ರಾಟೆಯನ್ನು ಹಳೆಯದನ್ನೇ ಇಟ್ಟಂತೆ.

೫. ವಾರಕ್ಕೊಮ್ಮೆ ಮಾಡತಕ್ಕ ಪರೀಕ್ಷೆ

ಈ ಪರೀಕ್ಷೆಗೆ ಮೇಸ್ತ್ರಿಯು ಬೇಕಾಗಿಲ್ಲ. ಒಂದು ಹುರಿ, ಒಂದು ಅಳತೆಪಟ್ಟಿ, ಒಂದು ಹಾರೆ, ಸ್ವಲ್ಪ ಡೀಸೆಲ್, ಒಂದು ತುಂಡು ಸೀಮೆಸುಣ್ಣ ಇವು ಸಾಕು. ಹಂಗಾಮಿನಲ್ಲಿ ವಾರಕ್ಕೊಮ್ಮೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ಮಾಡತಕ್ಕದ್ದು.

(ಅ) ಬರಿದಾದ ಟ್ರೇಲರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಗಾಲಿಗಳಿಗೆ ಮುಂದೆ ಹಿಂದೆ ಅಡ್ಡಗಲ್ಲುಗಳನ್ನಿಟ್ಟು, ಟೈರುಗಳ ಗಾಳಿಯು ಸಮನಾಗಿದೆಯೇ ಎಂದು ನೋಡಬೇಕು. ತರುವಾಯ ಎರಡೂ ಬದಿಗೆ ಅಚ್ಚಿನಿಂದ ಚಾಸಿಯವರೆಗಿನ ಎತ್ತರವನ್ನು ಅಳೆಯಬೇಕು. ಒಂದು ಅಂಗುಲಕ್ಕೆ ಹೊಂದಿ ವ್ಯತ್ಯಾಸ ಕಂಡರೆ ಗಿಡ್ಡವಾದ ಬದಿಯ ಕಮಾನು ಸೋತಿದೆ, ಇಲ್ಲವೆ ಅದರಲ್ಲಿ ಒಂದು ಪಟ್ಟಿ ಮುರಿದಿದೆ.

(ಆ) ಪಟ್ಟಿಗಳ ಕೆಸರನ್ನು ತೊಳೆದು ಒಣಗಿಸಿ, ಸೆಂಟರ್ ಬೋಲ್ಟಿನ ಹತ್ತಿರವೂ ಮುಖ್ಯ ಪಾಟಾದ ಕಣ್ಣಿನ ಬುಡದಲ್ಲಿಯೂ ಬಿರುಕು ಹುಡುಕಬೇಕು. ಸಂಶಯವಿದ್ದಲ್ಲಿ ಡೀಸೆಲನ್ನು ಸವರಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣವನ್ನು ತಿಕ್ಕಬೇಕು. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆಯು ಹೊರಗೆ ಒಸರಿ, ಬಿಳಿಯ ಮೇಲೆ ಕೂದಲಿನಂತಹ ಗೆರೆಯಾಗಿ ಕಾಣುವುದು. ಹಿಂದಿನ ಕಾಲದಲ್ಲಿ ರೈಲ್ವೆಯವರು ಅಚ್ಚುಗಳ ಬಿರುಕನ್ನು ಎಣ್ಣೆ ಮತ್ತು ಸುಣ್ಣದ ಇದೇ ಉಪಾಯದಿಂದ ಕಂಡುಹಿಡಿಯುತ್ತಿದ್ದರು. ಪರೀಕ್ಷೆಯಾದ ಮೇಲೆ ಡೀಸೆಲು ರಬ್ಬರಿನ ಬುಷ್ಶುಗಳ ಮೇಲೆ ಉಳಿಯದಂತೆ ಒರೆಸತಕ್ಕದ್ದು.

(ಇ) ಯೂ ಬೋಲ್ಟಿನ ನಟ್ಟುಗಳ ಸುತ್ತ ನೋಡಬೇಕು. ಕುಂಕುಮದಂತಹ ಕೆಂಪು ಪುಡಿ ಅಥವಾ ತಿಕ್ಕಿ ಹೊಳೆಯುವ ಗುರುತು ಇದ್ದರೆ ಅಲ್ಲಿ ಅಲುಗಾಟವಿದೆ ಎಂದರ್ಥ. ಬಿಗಿಯಾದ ಬೋಲ್ಟಿನ ಬುಡದಲ್ಲಿ ಇಂತಹ ಪುಡಿ ಹುಟ್ಟುವುದಿಲ್ಲ.

(ಈ) ಟ್ರ್ಯಾಕ್ಟರಿಗೆ ಸಿಕ್ಕಿಸುವ ಕೊಂಡಿಯ ನಡುವಿಗೆ ಹುರಿಯ ಒಂದು ತುದಿಯನ್ನು ಹಿಡಿದು, ಇನ್ನೊಂದು ತುದಿಯನ್ನು ಎಡಗಾಲಿಯ ಗುಂಬದ ನಡುವಿನವರೆಗೆ ಎಳೆದು ಗಂಟು ಹಾಕಬೇಕು. ಅದೇ ಹುರಿಯನ್ನು ಬಲಗಾಲಿಯವರೆಗೆ ಎಳೆದಾಗ ಗಂಟು ಸರಿಯಾಗಿ ನಡುವಿಗೆ ಬಂದರೆ ಅಚ್ಚು ನೆಟ್ಟಗಿದೆ. ಅರ್ಧ ಅಂಗುಲಕ್ಕಿಂತ ಹೆಚ್ಚು ತಪ್ಪಿದರೆ ಅಚ್ಚು ಸರಿದಿದೆ. ಸೆಂಟರ್ ಬೋಲ್ಟು ತುಂಡಾಗಿರುವ ಸಂಭವವಿರುವ ಕಾರಣ ಅಂತಹ ಟ್ರೇಲರಿಗೆ ಭಾರ ಹೇರಕೂಡದು. ಈ ಪರೀಕ್ಷೆಯು ಎರಡು ಗಾಲಿಯ ಟ್ರೇಲರಿಗೆ ಸರಿಯಾಗಿ ಒದಗುವುದು. ನಾಲ್ಕು ಗಾಲಿಯದರಲ್ಲಿ ಎರಡೂ ಬದಿಗೆ ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗಿನ ಅಂತರವನ್ನು, ಮುಂದಿನ ಗಾಲಿಗಳನ್ನು ನೆಟ್ಟಗೆ ನಿಲ್ಲಿಸಿ ಅಳೆಯಬೇಕು.

(ಉ) ಪಟ್ಟಿಯ ಕಣ್ಣಿನ ಹತ್ತಿರ ಹಾರೆಯನ್ನಿಟ್ಟು ಮೆಲ್ಲನೆ ಮೀಟಬೇಕು. ಪಿನ್ನು ಗಡಗಡನೆ ಆಡಿದರೆ ಬುಷ್ಶು ಸವೆದಿದೆ. ಗ್ರೀಸು ತುಂಬುವ ಮೊಲೆಗಳಿದ್ದಲ್ಲಿ ಹಳೆಯ ಗ್ರೀಸು ಹೊರಗೆ ಬರುವವರೆಗೆ ಹೊಸದನ್ನು ತುಂಬಬೇಕು. ರಬ್ಬರಿನ ಬುಷ್ಶಿಗೆ ಗ್ರೀಸೂ ಬೇಡ, ಎಣ್ಣೆಯೂ ಬೇಡ. ಅವು ರಬ್ಬರನ್ನು ಉಬ್ಬಿಸಿ ಕೆಡಿಸುವುವು.

ಪಟ್ಟಿಗಳ ಮೇಲೆ ಸುಟ್ಟ ಎಂಜಿನ್ ಎಣ್ಣೆಯನ್ನು ಸುರಿಯುವ ರೂಢಿಯು ಒಳ್ಳೆಯದಲ್ಲ. ಅದು ಧೂಳನ್ನು ಹಿಡಿದು ಅರೆಯುವ ಹಿಟ್ಟಾಗುವುದು. ವರುಷಕ್ಕೊಮ್ಮೆ ಕಮಾನು ಬಿಚ್ಚಿದಾಗ ಪಟ್ಟಿಗಳ ತುಕ್ಕನ್ನು ತಂತಿಯ ಕುಂಚದಿಂದ ಉಜ್ಜಿ, ಸಂದಿನಲ್ಲಿ ಗ್ರಾಫೈಟ್ ಗ್ರೀಸನ್ನು ತೆಳ್ಳಗೆ ಸವರುವುದೇ ಸರಿಯಾದ ಕ್ರಮ.

೬. ಗ್ಯಾರೇಜಿನಲ್ಲಿ ನೋಡತಕ್ಕ ಸಂಗತಿಗಳು

ಸವದತ್ತಿ, ಬೈಲಹೊಂಗಲ, ರಾಮದುರ್ಗಗಳಂತಹ ಊರುಗಳಲ್ಲಿಯೂ ದೊಡ್ಡ ಹಳ್ಳಿಗಳಲ್ಲಿಯೂ ಕಮಾನಿನ ಕೆಲಸವನ್ನು ಬಲ್ಲ ಮೇಸ್ತ್ರಿಗಳಿರುವರು. ಅವರಲ್ಲಿ ಬಹುಮಂದಿಗೆ ಸರಿಯಾದ ರೀತಿಯು ತಿಳಿದೇ ಇದೆ. ಕೆಲಸ ಕೆಡುವುದು ಹೆಚ್ಚಾಗಿ ಮಾಲಿಕನ ಅವಸರದಿಂದ. ಆದಕಾರಣ ಮಾಲಿಕನು ಮುಂದಿನ ಸಂಗತಿಗಳನ್ನು ತಿಳಿದಿರಬೇಕು.

ಚಾಸಿಯನ್ನು ಎತ್ತಿದಾಗ ಜಾಕಿಯೊಂದನ್ನೇ ನಂಬಿ ಯಾರೂ ಕೆಳಗೆ ಹೋಗಕೂಡದು. ಗಟ್ಟಿಯಾದ ಕಟ್ಟಿಗೆಯ ದಿಮ್ಮಿಗಳನ್ನೋ ಉಕ್ಕಿನ ಸ್ಟ್ಯಾಂಡುಗಳನ್ನೋ ಚಾಸಿಯ ಕೆಳಗೆ ಕೊಡತಕ್ಕದ್ದು. ಇಟ್ಟಿಗೆ ಮತ್ತು ಉರುಟು ಕಲ್ಲುಗಳು ಭಾರಕ್ಕೆ ಒಡೆಯುವುವು ಅಥವಾ ಜಾರುವುವು. ಮಾಲಿಕನ ಅಂಗಳದಲ್ಲಿ ಕೆಲಸ ನಡೆದರೆ ಇದರ ಹೊಣೆಯು ಮಾಲಿಕನದೇ ಎಂದು ತಿಳಿಯಬೇಕು.

ಹೊಸ ಪಟ್ಟಿಯ ಉದ್ದ, ಅಗಲ, ದಪ್ಪ, ಬಾಗು ಈ ನಾಲ್ಕೂ ಹಳೆಯದಕ್ಕೆ ಹೊಂದಬೇಕು. ಮುರಿದ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು. ಒಂದು ಬದಿಯಲ್ಲಿ ಎರಡು ಮೂರು ಪಟ್ಟಿಗಳು ಕೆಟ್ಟಿದ್ದರೆ ಎರಡೂ ಬದಿಯ ಕಮಾನುಗಳನ್ನು ಕೂಡಿಯೇ ಬದಲಿಸತಕ್ಕದ್ದು. ಹೊಸತೊಂದು ಹಳತೊಂದು ಆದರೆ ಟ್ರೇಲರು ವಾಲುವುದು. ಸೆಂಟರ್ ಬೋಲ್ಟು ಮತ್ತು ಯೂ ಬೋಲ್ಟುಗಳನ್ನು ಹೊಸದಾಗಿಯೇ ಹಾಕಿಸಬೇಕು. ಒಮ್ಮೆ ಎಳೆದು ಬಿಗಿದ ಯೂ ಬೋಲ್ಟು ಮತ್ತೆ ಅದೇ ಹಿಡಿತವನ್ನು ಕೊಡುವುದಿಲ್ಲ. ನಾಲ್ಕು ನಟ್ಟುಗಳನ್ನು ಒಂದಾದ ಮೇಲೊಂದು ಪೂರ್ತಿ ಬಿಗಿಯದೆ, ಕರ್ಣಾಕಾರವಾಗಿ ಸ್ವಲ್ಪ ಸ್ವಲ್ಪ ಬಿಗಿಯುತ್ತ ಬರಬೇಕು.

ಎಲ್ಲಕ್ಕೂ ಮುಖ್ಯವಾದುದು, ಎಲ್ಲರೂ ಮರೆಯುವುದು, ಇದು: ಹೊಸ ಕಮಾನು ಹಾಕಿದ ಮೇಲೆ ಮೊದಲನೆಯ ಭಾರದ ಸುತ್ತು ಮುಗಿದೊಡನೆ ಯೂ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಸತಕ್ಕದ್ದು. ಪಟ್ಟಿಗಳು ಒಂದಕ್ಕೊಂದು ಒತ್ತಿ ಕೂತಾಗ ಮೊದಲಿನ ಬಿಗಿಯು ಸಡಿಲಾಗುವುದು ಸಹಜ. ಕಾಲು ತಾಸಿನ ಈ ಕೆಲಸವನ್ನು ಬಿಟ್ಟಿದ್ದರಿಂದ ಒಂದೇ ಹಂಗಾಮಿನಲ್ಲಿ ಮುರಿದ ಹೊಸ ಕಮಾನುಗಳುಂಟು.

೭. ಜೀಪು, ಪಿಕಪ್ ಮತ್ತು ಟಂಟಂಗಳು

ಹಳ್ಳಿಗಳಲ್ಲಿ ಓಡಾಡುವ ಈ ವಾಹನಗಳಲ್ಲಿ ಶಾಕ್ ಅಬ್ಸಾರ್ಬರುಗಳೂ ಇರುವುವು. ಗ್ಯಾರೇಜಿನ ಮಾತಿನಲ್ಲಿ ಇವಕ್ಕೆ ಶಾಕಪ್ ಎನ್ನುವರು. ಭಾರ ಹೊರುವುದು ಸ್ಪ್ರಿಂಗಿನ ಕೆಲಸ, ಕುಣಿತವನ್ನು ಅಡಗಿಸುವುದು ಶಾಕಪ್ಪಿನ ಕೆಲಸ. ಅದರ ಕೊಳವೆಯೊಳಗಿನ ಎಣ್ಣೆಯು ಸಣ್ಣ ರಂಧ್ರಗಳಿಂದ ಹಾದುಹೋಗಬೇಕಾದುದರಿಂದ ಗಾಡಿಯ ಕುಣಿತದ ಶಕ್ತಿಯು ಬಿಸಿಯಾಗಿ ಕಳೆದುಹೋಗುವುದು. ಗಾಡಿಯ ಒಂದು ಮೂಲೆಯನ್ನು ಜೋರಾಗಿ ಕೆಳಗೆ ಒತ್ತಿ ಬಿಟ್ಟಾಗ ಅದು ಮೇಲೆದ್ದು ನಿಂತರೆ ಶಾಕಪ್ಪು ಸರಿಯಿದೆ. ಎರಡು ಮೂರು ಸಲ ಕುಣಿದರೆ, ಅಥವಾ ಕೊಳವೆಯ ಮೇಲೆ ಎಣ್ಣೆ ಒಸರಿ ಧೂಳು ಮೆತ್ತಿದ್ದರೆ, ಅದು ಮುಗಿದಿದೆ. ಒಂದೇ ಅಚ್ಚಿನ ಎರಡೂ ಶಾಕಪ್ಪುಗಳನ್ನು ಕೂಡಿಯೇ ಬದಲಿಸಬೇಕು. ಕೆಟ್ಟ ಶಾಕಪ್ಪಿನ ಗಾಡಿಯಲ್ಲಿ ಗಾಲಿಯು ನೆಲದಿಂದ ಏಳುತ್ತಿರುವುದರಿಂದ ಬ್ರೇಕಿನ ಹಿಡಿತವೂ ಕಡ್ಡಿಯಾಗುವುದು, ಅಂದರೆ ನಂಬುವಂತಿರದು.

೮. ಊರಿನ ಹಿರಿಯರು ಗಮನಿಸತಕ್ಕ ಎರಡು ಮಾತುಗಳು

ಮೊದಲನೆಯದು, ರಸ್ತೆಯ ಮಾತು. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ೧೯೫೮ರಿಂದ ೧೯೬೦ರವರೆಗೆ ಪ್ರತ್ಯೇಕವಾಗಿ ಕಟ್ಟಿದ ರಸ್ತೆಗಳ ಮೇಲೆ ಗೊತ್ತಾದ ಭಾರದ ಲಾರಿಗಳನ್ನು ಸತತವಾಗಿ ಓಡಿಸಿ ಪರೀಕ್ಷೆ ಮಾಡಿದರು. ರಸ್ತೆಗೆ ಆಗುವ ಹಾನಿಯು ಅಚ್ಚಿನ ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಹೆಚ್ಚುವುದೆಂದು ಅದರಿಂದ ತಿಳಿಯಿತು. ಸರಳವಾಗಿ ಹೇಳುವುದಾದರೆ, ಅಚ್ಚಿನ ಭಾರವನ್ನು ೬ ಟನ್ನಿನಿಂದ ೯ ಟನ್ನಿಗೆ ಏರಿಸಿದರೆ ಒಂದು ಸುತ್ತಿನಲ್ಲಿ ರಸ್ತೆಗಾಗುವ ಹಾನಿ ಸುಮಾರು ಐದು ಪಟ್ಟಾಗುವುದು. ಎರಡರಷ್ಟು ಭಾರ ಹೇರಿದರೆ ಹಾನಿಯು ಹದಿನಾರು ಪಟ್ಟು. ಹೀಗೆ ಒಡೆದ ರಸ್ತೆಯ ಗುಂಡಿಗಳೇ ಮರುವರುಷ ನಮ್ಮ ಕಮಾನುಗಳನ್ನು ಮುರಿಯುವುವು. ಎರಡು ಸುತ್ತಿನ ಕಬ್ಬನ್ನು ಒಂದೇ ಸುತ್ತಿನಲ್ಲಿ ಒಯ್ದು ಉಳಿಸಿದ ಡೀಸೆಲಿನ ಹಣವು ಈ ದಾರಿಯಿಂದ ಹೊರಟುಹೋಗುವುದು. ೧೯೮೮ರ ಮೋಟಾರು ವಾಹನ ಕಾಯ್ದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯಲ್ಲಿ ಮಿತಿಮೀರಿದ ಭಾರಕ್ಕೆ ೨೦,೦೦೦ ರೂಪಾಯಿ ದಂಡವನ್ನೂ, ಹೆಚ್ಚಿನ ಪ್ರತಿಯೊಂದು ಟನ್ನಿಗೆ ಮತ್ತೆ ೨,೦೦೦ ರೂಪಾಯಿಯನ್ನೂ ಹೇಳಿರುವುದು ಎಲ್ಲರಿಗೂ ತಿಳಿದಿರಲಿ.

ಎರಡನೆಯದು, ಜನರ ಮಾತು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವುದು ನಮ್ಮ ಸೀಮೆಯ ತಲೆತಲಾಂತರದ ನಡಾವಳಿ. ಹಿರಿಯರು ಸಿಂಗರಿಸಿದ ಸವಾರಿ ಬಂಡಿಗಳಲ್ಲಿ ಎತ್ತಿನ ಹೆಜ್ಜೆಗೆ ಸರಿಯಾಗಿ ಹೋಗುತ್ತಿದ್ದರು. ಟ್ರೇಲರು ಎತ್ತಿನ ಹೆಜ್ಜೆಯಲ್ಲಿ ನಡೆಯುವುದಿಲ್ಲ. ಅದು ಸರಕಿನ ವಾಹನವಾಗಿದ್ದು, ಅದರಲ್ಲಿ ಜನರನ್ನು ಸಾಗಿಸುವುದು ಕಾಯ್ದೆಗೆ ವಿರುದ್ಧವಾದದ್ದು. ಅಪಘಾತವಾದರೆ ವಿಮೆಯ ಪರಿಹಾರಕ್ಕೂ ತಕರಾರು ಬರುವುದು. ಈ ಎರಡು ಹುಣ್ಣಿಮೆಗಳೂ ಕಬ್ಬಿನ ಹಂಗಾಮಿನಲ್ಲಿಯೇ ಬರುವುವೆಂಬುದನ್ನು ವಿಶೇಷವಾಗಿ ನೆನಪಿಡಬೇಕು. ವಾರಗಟ್ಟಲೆ ಮಿತಿಮೀರಿದ ಭಾರ ಹೊತ್ತು, ಒಳಗೊಳಗೆ ಬಿರುಕುಬಿಟ್ಟ ಕಮಾನಿನ ಮೇಲೆ ಹೆಂಗಸರು ಮಕ್ಕಳು ಕೂಡುವರು. ಊರಿನ ಗೌಡರೂ ಪಂಚಾಯತಿಯ ಹಿರಿಯರೂ ಮುಂದಾಗಿ, ನಾಲ್ಕು ಮನೆಯವರು ಕೂಡಿ ಬಸ್ಸನ್ನು ಗೊತ್ತುಮಾಡಿಕೊಳ್ಳುವಂತೆ ಹೇಳಿದರೆ ಆ ಮಾತು ನಡೆಯುವುದು. ಅಧಿಕಾರಿಯ ಮಾತಿಗಿಂತ ಹಿರಿಯರ ಮಾತಿಗೆ ಹಳ್ಳಿಯಲ್ಲಿ ಬೆಲೆ ಹೆಚ್ಚು.

೯. ವರುಷದ ಕ್ರಮ

ಕಬ್ಬಿನ ಹಂಗಾಮು ಆರಂಭವಾಗುವ ಮೊದಲು, ದಸರೆಯ ಸುಮಾರಿಗೆ, ಕಮಾನುಗಳನ್ನು ಬಿಚ್ಚಿಸಿ, ಉಜ್ಜಿ, ಕೆಟ್ಟ ಪಟ್ಟಿ ಬುಷ್ಶುಗಳನ್ನು ಬದಲಿಸಿ ಕೂಡಿಸತಕ್ಕದ್ದು. ಆಯುಧಪೂಜೆಯ ದಿನ ಟ್ರೇಲರಿಗೆ ಹೂಮಾಲೆ ಹಾಕುವ ಮುನ್ನ ಈ ಕೆಲಸ ಮುಗಿದಿದ್ದರೆ ಪೂಜೆಗೂ ಅರ್ಥ ಬರುವುದು. ಹಂಗಾಮಿನಲ್ಲಿ ವಾರದ ಪರೀಕ್ಷೆಯನ್ನು ತಪ್ಪಿಸಕೂಡದು. ಮನೆಯಲ್ಲಿ ಒಂದು ಮುಖ್ಯ ಪಾಟಾ, ಒಂದು ಸೆಂಟರ್ ಬೋಲ್ಟು, ಎರಡು ಯೂ ಬೋಲ್ಟುಗಳನ್ನು ಮೊದಲೇ ತಂದಿಟ್ಟುಕೊಂಡರೆ, ಹೊಲದಲ್ಲಿ ಆಳುಗಳು ಕಾಯುವಾಗ ಬೆಸುಗೆಯ ಮೋಹವು ಬಾರದು. ಹಂಗಾಮು ಮುಗಿದ ಮೇಲೆ ಟ್ರೇಲರನ್ನು ತೊಳೆದು, ಚಾಸಿಯ ಕೆಳಗೆ ದಿಮ್ಮಿಗಳನ್ನು ಕೊಟ್ಟು, ನೆರಳಿನಲ್ಲಿ ನಿಲ್ಲಿಸಿದರೆ ಟೈರುಗಳಿಗೂ ಕಮಾನಿಗೂ ವಿಶ್ರಾಂತಿ ದೊರೆಯುವುದು.

ಮುರಿದ ಪಟ್ಟಿಯನ್ನು ಏನು ಮಾಡಬೇಕೆಂದು ಕೆಲವರು ಕೇಳುವರು. ಅದು ವ್ಯರ್ಥವಾದ ವಸ್ತುವಲ್ಲ. ಊರಿನ ಕಮ್ಮಾರನಿಗೆ ಕೊಟ್ಟರೆ ಅವನು ಅದನ್ನು ಕಾಯಿಸಿ ಬಡಿದು ಕುಡಗೋಲು, ಕುರ್ಚಿಗಿ, ಕೊಡಲಿಗಳನ್ನು ಮಾಡಿಕೊಡುವನು. ಇಂಗಾಲ ತುಂಬಿದ ಆ ಉಕ್ಕಿಗೆ ಒಳ್ಳೆಯ ಅಲಗು ನಿಲ್ಲುವುದು. ಮುರಿದ ಪಾಟಾದ ಸ್ಥಾನವು ಕಮ್ಮಾರನ ಕುಲುಮೆ. ಅದನ್ನು ಬೆಸೆದು ಮತ್ತೆ ಟ್ರೇಲರಿನ ಕೆಳಗೆ ಕಟ್ಟುವವನು, ಚಕ್ಕಡಿಯ ಕಡೆಗೀಲನ್ನು ಮುಟ್ಟಿ ನೋಡದೆ ಎಂದೂ ಹೊರಡದಿದ್ದ ತನ್ನ ತಂದೆಯನ್ನು ಒಮ್ಮೆ ನೆನೆಯಲಿ.